ತನ್ನ ಗಾಯ ಮುಚ್ಚಿಡೋ ಡಿಸ್ಕ್

ಅಂಗಡಿಯಿಂದ ತಂದ ಹೊಸ ಆಡಿಯೊ ಸಿಡಿಯಲ್ಲೂ ತಪ್ಪುಗಳಿರುತ್ತವೆ ಅಂದ್ರೆ ನಂಬ್ತೀರಾ? ಫಿಲಿಪ್ಸ್ ಮತ್ತು ಸೋನಿ ಸೇರಿ ರೂಪಿಸಿದ ನಿಯಮದ ಪ್ರಕಾರ, ಸೆಕೆಂಡಿಗೆ ಓದೋ 7350 ಚೂರುಗಳಲ್ಲಿ ಸರಾಸರಿ 220ರ ತನಕ ದೋಷ ಇದ್ದರೂ ಡಿಸ್ಕ್ ಪಾಸ್. ಹತ್ತಿರಹತ್ತಿರ ನೂರಕ್ಕೆ ಮೂರು. ಆದರೂ ಹಾಡು ಸ್ವಚ್ಛವಾಗಿ ಕೇಳುತ್ತೆ, ಯಾಕಂದ್ರೆ ಪ್ಲೇಯರ್ ಒಳಗೆ ಒಂದು ಗಣಿತ ಕೂತು ತಿದ್ದುತ್ತಾ ಇರುತ್ತೆ. ಆ ಗಣಿತದ ಬಗ್ಗೆ ನನಗೆ ಅಪಾರ ಗೌರವ. ಅದನ್ನ ನಮ್ಮ ಕೈಗೆ ಕೊಟ್ಟ ಯಂತ್ರದ ಬಗ್ಗೆ ಮಾತ್ರ ತಕರಾರಿದೆ.

ರೀಡ್ ಮತ್ತು ಸಾಲೊಮನ್ ಅನ್ನೋ ಇಬ್ಬರು 1960ರಲ್ಲಿ ಬರೆದ ಪುಟ್ಟ ಪ್ರಬಂಧ ಇದರ ಮೂಲ. ಹೈಸ್ಕೂಲ್ ಲೆಕ್ಕದಲ್ಲೇ ಹೇಳಬಹುದು. ಒಂದು ಸರಳರೇಖೆ ಎಳೆಯೋಕೆ 2 ಬಿಂದು ಸಾಕು. ನಾನು ಬೇಕಂತಲೇ 4 ಬಿಂದು ಕೊಡ್ತೀನಿ. ಅದರಲ್ಲಿ ಒಂದನ್ನ ಯಾರಾದರೂ ಆಚೀಚೆ ಸರಿಸಿದರೆ, ಉಳಿದ ಮೂರು ಒಂದೇ ಗೆರೆಯಲ್ಲಿರುತ್ತವೆ, ಕಳ್ಳ ಸಿಕ್ಕಿಬೀಳ್ತಾನೆ. ಇಲ್ಲೊಂದು ಸೂಕ್ಷ್ಮ ಇದೆ. ತಪ್ಪು ಎಲ್ಲಿದೆ ಅಂತ ಗೊತ್ತಿಲ್ಲದಿದ್ದರೆ 1 ಬಿಂದು ಕೆಟ್ಟರಷ್ಟೇ ಸರಿಮಾಡಬಹುದು. 'ಈ ಎರಡು ಕೆಟ್ಟಿವೆ' ಅಂತ ಮೊದಲೇ ಹೇಳಿಬಿಟ್ಟರೆ, 2 ಹೋದರೂ ಗೆರೆ ವಾಪಸ್ ಬರುತ್ತೆ. ಗಾಯ ಎಲ್ಲಿದೆ ಅಂತ ತಿಳಿಯೋದಕ್ಕೆ ಅಷ್ಟು ಬೆಲೆ, ಸರಿಯಾಗಿ ಎರಡರಷ್ಟು.

ಸಿಡಿ ವಿನ್ಯಾಸದ ಜಾಣತನ ಇರೋದೇ ಇಲ್ಲಿ. ಎರಡು ಹಂತದಲ್ಲಿ ತಿದ್ದುತ್ತೆ. ಮೊದಲ ಹಂತ ತನ್ನ ಕೈಲಾಗದ್ದಕ್ಕೆ ಗುರುತು ಹಾಕಿ ಎರಡನೆಯದಕ್ಕೆ ದಾಟಿಸುತ್ತೆ. ನಡುವೆ ಬೈಟುಗಳನ್ನ ದೂರದೂರ ಚದುರಿಸಿರುತ್ತಾರೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಒಂದೇ ಕ್ಲಾಸಿನ ಹುಡುಗರನ್ನ ಬೇರೆಬೇರೆ ರೂಮಿಗೆ ಹಾಕಿದ ಹಾಗೆ. ಒಂದು ರೂಮಿನ ಸೂರು ಸೋರಿದರೆ ಪ್ರತಿ ಕ್ಲಾಸಿಗೂ ಒಬ್ಬಿಬ್ಬರ ನಷ್ಟ, ಒಂದು ಕ್ಲಾಸು ಪೂರ್ತಿ ಮುಳುಗಲ್ಲ. ಹೀಗಾಗಿ ಸುಮಾರು 2.5 ಮಿಲಿಮೀಟರ್ ಉದ್ದದ ಗೀರು ಬಿದ್ದರೂ ಸಿಡಿ ಒಂದು ಬಿಟ್ ಕೂಡ ಕಳ್ಕೊಳ್ಳಲ್ಲ. ಆಮೇಲೆ ಬಂದ ಬ್ಲೂ-ರೇ ಇನ್ನೂ ಮುಂದೆ ಹೋಯ್ತು. ಮಾಹಿತಿಯ ನಡುನಡುವೆ ಗಟ್ಟಿ ರಕ್ಷಣೆಯ ಬೇಲಿಗೂಟ ನೆಟ್ಟಿತು. ಅಕ್ಕಪಕ್ಕದ ಎರಡು ಗೂಟ ಕೆಟ್ಟಿದ್ದರೆ ಮಧ್ಯದ್ದೂ ಕೆಟ್ಟಿದೆ ಅಂತ ಲೆಕ್ಕ.

ಅಂದರೆ ಯಂತ್ರಕ್ಕೆ ತನ್ನೊಳಗಿನ ಗಾಯದ ಪೂರ್ತಿ ವರದಿ ಗೊತ್ತು. ನಮಗೆ ಮಾತ್ರ ಹೇಳಲ್ಲ.

ದಾಂಡೇಲಿ ಪಕ್ಕದ ಅಂಬೇವಾಡಿಯಲ್ಲಿ ನಮ್ಮತ್ತೆ ಮನೆ. ಅವರ ಮದುವೆಯ ವಿಡಿಯೊ ಕ್ಯಾಸೆಟ್ಟನ್ನ ಒಂದು ಸ್ಟುಡಿಯೊದವರು ಡಿವಿಡಿ ಮಾಡಿಕೊಟ್ಟಿದ್ದರು. ಕ್ಯಾಸೆಟ್ ಆಮೇಲೆ ಬೂಷ್ಟು ಹಿಡಿದು ಹೋಯ್ತು. ಅಜ್ಜ ಮೈಕ್ ಹಿಡಿದು ಮಾತಾಡಿದ ಎರಡು ನಿಮಿಷ ಆ ಡಿವಿಡಿಯಲ್ಲಿದೆ. ಅವರ ದನಿ ಬೇರೆಲ್ಲೂ ಇಲ್ಲ. ಒಂದು ಮಳೆಗಾಲ ಅದೇ ಜಾಗಕ್ಕೆ ಬಂದು ಚಿತ್ರ ನಿಂತುಬಿಟ್ಟಿತು. 'ಹೋದ ದೀಪಾವಳಿಗೆ ಪೂರ್ತಿ ನೋಡೇವಲ್ಲೋ, ಒಂದ್ ಕಡೆನೂ ನಿಂತಿರಲಿಲ್ಲ' ಅಂದರು ಅತ್ತೆ. ಅವರು ಹೇಳಿದ್ದು ಖರೆ. ಬರೆಯೋ ಡಿವಿಡಿಯಲ್ಲಿ ಮಾಹಿತಿ ಕೂರೋದು ತೆಳ್ಳನೆ ಬಣ್ಣದ ಪದರದಲ್ಲಿ. ಶಾಖ, ತೇವ, ಬೆಳಕು ಮೂರೂ ಅದಕ್ಕೆ ಆಗಲ್ಲ, ಆ ಕಡೆ ಮಳೆ ಹೇಗೆ ಅಂತ ನಿಮಗೆ ಗೊತ್ತೇ ಇದೆ. ದೀಪಾವಳಿ ಹೊತ್ತಿಗೇ ಡಿಸ್ಕ್ ಕೊನೆಯುಸಿರಲ್ಲಿ ಇದ್ದಿರಬೇಕು. ಡಿವಿಡಿ ತನ್ನ ಪ್ರತಿ 33,024 ಬೈಟಿಗೆ 4,832 ಬೈಟ್ ರಕ್ಷಣೆ ಇಟ್ಟಿರುತ್ತೆ. ಆ ರಕ್ಷಣೆ ಮುಗಿಯೋ ತನಕ ಚಿತ್ರ ಹೊಸದರ ಹಾಗೇ ಕಾಣುತ್ತೆ, ಮುಗಿದ ಮೇಲೆ ಆ ತುಂಡು ಓದೋಕೇ ಆಗಲ್ಲ. ದಾಂಡೇಲಿ ಕಾಗದದ ಕಾರ್ಖಾನೆ ಊರು. ಅಲ್ಲಿ ಹುಟ್ಟಿದ ಮಾಮೂಲಿ ಕಾಗದಕ್ಕೂ ಇದಕ್ಕಿಂತ ನಿಯತ್ತಿದೆ. ಹಳದಿಯಾಗಿ ವರ್ಷಗಟ್ಟಲೆ ಮೊದಲೇ ಸೂಚನೆ ಕೊಡುತ್ತೆ.

ಆಡಿಯೊ ಸಿಡಿಯದಂತೂ ಇನ್ನೂ ನಾಜೂಕು ಮೋಸ. ತಿದ್ದೋಕೆ ಆಗದಿದ್ದಾಗ ಹಿಂದಿನ ಮುಂದಿನ ಸದ್ದು ನೋಡಿ ನಡುವಿನದನ್ನ ಊಹಿಸಿ ತುಂಬಿಸುತ್ತೆ. ಸಂಗೀತಕ್ಕೆ ಇದು ತಪ್ಪಲ್ಲ ಅಂತ ಎಂಜಿನಿಯರ್‌ಗಳು ವಾದಿಸ್ತಾರೆ, ಕಿವಿಗೆ ಗೊತ್ತಾಗದಿದ್ದರೆ ಅಡ್ಡಿಯೇನು ಅಂತ. ಕೇಳೋವಾಗ ಅಡ್ಡಿಯಿಲ್ಲ, ಕಾಪಾಡೋವಾಗ ಇದೆ. ದೋಷದ ಎಣಿಕೆಯನ್ನ ಹೊರಗೆ ತೋರಿಸೋ ಡ್ರೈವ್‌ಗಳು ಇದ್ದವು, ಕೆಲವೇ ಕೆಲವು, ಅದಕ್ಕೂ ಬೇರೆ ಸಾಫ್ಟ್‌ವೇರ್ ಬೇಕಿತ್ತು. ಟಿವಿ ಕೆಳಗೆ ಕೂರೋ ಪ್ಲೇಯರ್ ಮುಂದೆ ಒಂದು ಕೆಂಪು ದೀಪ ಇಡೋಕೆ ಎಷ್ಟು ಖರ್ಚಾಗ್ತಿತ್ತು?

ಸುಧಾರಣೆ ಹೊರಗಿನವರಿಂದ ಬಂತು. ಡಿವಿಡಿಸಾಸ್ಟರ್ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ. ಡಿಸ್ಕ್ ತನ್ನ ರಕ್ಷಣೆಯನ್ನ ಆಯಾ ತುಂಡಿನೊಳಗೇ ಇಟ್ಟರೆ, ಇದು ಇಡೀ ಡಿಸ್ಕಿಗೆ ಹರಡುತ್ತೆ. ಅದರ ಸಾಮಾನ್ಯ ಆಯ್ಕೆಯಲ್ಲಿ ನೂರಕ್ಕೆ 14.3ರಷ್ಟು ಹೆಚ್ಚುವರಿ ಜಾಗ ಬೇಕು. 4.7 ಜಿಬಿ ಡಿಸ್ಕಲ್ಲಿ 3.8 ಜಿಬಿ ಮದುವೆ ಇದ್ದರೆ ಆರಾಮಾಗಿ ಹಿಡಿಯುತ್ತೆ. ಡಿಸ್ಕ್ ಚೆನ್ನಾಗಿರುವಾಗಲೇ ಇದನ್ನ ಮಾಡಿಡಬೇಕು, ಕೆಟ್ಟ ಮೇಲೆ ಪ್ರಯೋಜನ ಇಲ್ಲ. ಕೆಡ್ತಿದೆ ಅಂತ ತಿಳಿಸದ ವಸ್ತುವಿಗೆ ಇಂಥ ಷರತ್ತಿನ ಔಷಧಿ.

ನಮ್ಮಲ್ಲಿ ಎಷ್ಟೋ ಜನ ಬೆಂಗಳೂರಲ್ಲಿ ಇದೇ ಗಣಿತ ನಂಬಿ ಸಂಬಳ ತಗೊಳ್ತೀವಿ. ದೊಡ್ಡ ಡೇಟಾ ಸೆಂಟರ್‌ಗಳಲ್ಲಿ 10 ತುಂಡು ಮಾಹಿತಿಗೆ 4 ತುಂಡು ರಕ್ಷಣೆ ಅನ್ನೋ ರೀಡ್-ಸಾಲೊಮನ್ ಲೆಕ್ಕ ಹಳೇ ಪರಿಚಯ. ಐಐಎಸ್‌ಸಿಯ ಪಿ. ವಿಜಯ್ ಕುಮಾರ್, ರಶ್ಮಿ ಮತ್ತು ನಿಹಾರ್ ಶಾ ಜೊತೆ 2011ರಲ್ಲಿ ಪ್ರಕಟಿಸಿದ ಕೆಲಸ, ಸತ್ತ ಒಂದು ಡಿಸ್ಕನ್ನ ಆದಷ್ಟು ಕಡಿಮೆ ಮಾಹಿತಿ ಸಾಗಿಸಿ ಮರುಕಟ್ಟೋದು ಹೇಗೆ ಅನ್ನೋದರ ಬಗ್ಗೆ. ಅಲ್ಲಿ ಡಿಸ್ಕ್ ಸತ್ತರೆ ರಾತ್ರಿ ಎರಡಕ್ಕೂ ಯಾರದ್ದೋ ಫೋನ್ ಬಡಿದುಕೊಳ್ಳುತ್ತೆ. ಕಂಪನಿ ಮಾಹಿತಿಗೆ ಇರೋ ಈ ಸೌಲಭ್ಯ ಅಜ್ಜನ ಎರಡು ನಿಮಿಷಕ್ಕೆ ಇರಲಿಲ್ಲ.

ಈಗ ಸ್ಟುಡಿಯೊದವರು ಮದುವೆಯನ್ನ ಪೆನ್ ಡ್ರೈವ್‌ನಲ್ಲಿ ಕೊಡ್ತಾರೆ. ಅದರೊಳಗೂ ಇಂಥದ್ದೇ ತಿದ್ದುಪಡಿ ನಡೆದಿರುತ್ತೆ. ಅನೇಕದರಲ್ಲಿ ಬಿಸಿಎಚ್ ಅನ್ನೋ ಕೋಡ್; ಅದರ ಬಿ ಮತ್ತು ಸಿ ಅಂದರೆ ಬೋಸ್ ಮತ್ತು ರಾಯ್-ಚೌಧುರಿ, ನಮ್ಮ ಬಂಗಾಳಿಗಳೇ. ಎಷ್ಟು ತಿದ್ದಿದೆ, ಇನ್ನೆಷ್ಟು ಶಕ್ತಿ ಉಳಿದಿದೆ ಅಂತ ಕೇಳಿನೋಡಿ. ಮಾಮೂಲಿ ಪೆನ್ ಡ್ರೈವಲ್ಲಿ ಅದನ್ನ ಕೇಳೋಕೂ ದಾರಿ ಇಲ್ಲ.