ಯಾರಿಗೆ ಎಷ್ಟು ಅನುಮತಿ? – ಡೇಟಾಬೇಸ್ ಪಾಠದ ಒಂದು ಕೊರತೆ

ದಕ್ಷಿಣ ಬೆಂಗಳೂರಿನ ಒಂದು ಕಾಲೇಜಿನ ಕಂಪ್ಯೂಟರ್ ಪ್ರಯೋಗಾಲಯ. ಕರಿಹಲಗೆಯ ಮೂಲೆಯಲ್ಲಿ ದತ್ತಸಂಚಯದ, ಅಂದರೆ ಡೇಟಾಬೇಸಿನ, ನಿರ್ವಾಹಕರ ಪಾಸ್‌ವರ್ಡನ್ನು ಸೀಮೆಸುಣ್ಣದಲ್ಲಿ ಬರೆದಿದ್ದರು. ತರಗತಿಯ ಎಲ್ಲರೂ ಆ ಒಂದೇ ಹೆಸರಿನಲ್ಲಿ ಒಳಹೋಗುತ್ತಿದ್ದರು. ಅನುಮತಿ ಕೊಡುವ 'ಗ್ರ್ಯಾಂಟ್', ಹಿಂಪಡೆಯುವ 'ರಿವೋಕ್' ಆದೇಶಗಳು ಅವರ ಟಿಪ್ಪಣಿ ಪುಸ್ತಕದಲ್ಲಿ ಇದ್ದವು, ಎರಡು ಅಂಕದ ಉತ್ತರವಾಗಿ. ಎಲ್ಲರೂ ನಿರ್ವಾಹಕರೇ ಆದಾಗ ಯಾರು ಯಾರಿಗೆ ಅನುಮತಿ ಕೊಡಬೇಕು?

ಉಪಾಧ್ಯಾಯರೇ, ಇದಕ್ಕೆ ತಕ್ಕ ಉದಾಹರಣೆ ನಮ್ಮಲ್ಲೇ ಇದೆ. ಈಗಿನ ಜೆ.ಪಿ. ನಗರದೊಳಗಿನ ಸಾರಕ್ಕಿ, ಜರಗನಹಳ್ಳಿಗಳು ಹಿಂದೆ ಪಹಣಿಯುಳ್ಳ ಹಳ್ಳಿಗಳೇ. ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ 'ಭೂಮಿ' ಯೋಜನೆ 2000ದ ನಂತರ ತಾಲ್ಲೂಕುಗಳಿಗೆ ಹಬ್ಬಿತು. ಅಲ್ಲಿ ಸಿಬ್ಬಂದಿಯನ್ನು ಬೆರಳಚ್ಚಿನಿಂದ ಗುರುತಿಸುವ ವ್ಯವಸ್ಥೆ ಮಾಡಲಾಯಿತು. ಪಹಣಿ ತಿದ್ದಿದವರು ಯಾರೆಂದು ಮುಂದೆ ತಿಳಿಯಬೇಕಲ್ಲವೆ?

ಇದನ್ನೇ ಪ್ರಯೋಗಾಲಯದಲ್ಲಿ ಚಿಕ್ಕದಾಗಿ ಮಾಡಿನೋಡಿ. (ಇದು 'ಭೂಮಿ'ಯ ಒಳರಚನೆಯಲ್ಲ, ಕಲಿಕೆಗೊಂದು ಮಾದರಿ ಮಾತ್ರ.) ಪಹಣಿ ಎಂಬ ಕೋಷ್ಟಕ ರಚಿಸಿ, ಬೇಗೂರು ಹೋಬಳಿಯ ಕಂದಾಯ ನಿರೀಕ್ಷಕರಿಗೆ ಓದುವ, ತಿದ್ದುವ ಅನುಮತಿ ಕೊಡಿ. ಪುಸ್ತಕದಲ್ಲಿರುವಂತೆ ಕೊಟ್ಟರೆ ಅವರು ಉತ್ತರಹಳ್ಳಿ ಹೋಬಳಿಯ ಜಮೀನನ್ನೂ ತಿದ್ದಬಲ್ಲರು! ಸಾಮಾನ್ಯ ಗ್ರ್ಯಾಂಟ್ ಆದೇಶ ಇಡೀ ಕೋಷ್ಟಕಕ್ಕೆ ಅನ್ವಯಿಸುತ್ತದೆ, ಸಾಲುಗಳನ್ನು ಬೇರ್ಪಡಿಸುವುದಿಲ್ಲ. ಬೇಗೂರಿನ ಸಾಲುಗಳಷ್ಟೇ ಕಾಣುವ ಒಂದು 'ವ್ಯೂ' ರಚಿಸಿ, ಕೋಷ್ಟಕದ ಬದಲು ಅದರ ಮೇಲೆ ಅನುಮತಿ ಕೊಡಬೇಕು. 'ವಿತ್ ಚೆಕ್ ಆಪ್ಶನ್' ಸೇರಿಸದಿದ್ದರೆ ಅವರು ಹೋಬಳಿಯ ಹೆಸರನ್ನೇ ಬದಲಿಸಿ ಸಾಲನ್ನು ಬೇರೆ ಕಡೆಗೆ ದಾಟಿಸಬಹುದು. ಪಠ್ಯಗಳಲ್ಲಿ ವ್ಯೂ ಒಂದು ಅಧ್ಯಾಯ, ಅನುಮತಿ ಮತ್ತೊಂದು. ಇವೆರಡರ ನಂಟು ಹೇಳುವವರು ಕಡಿಮೆ.

ಇನ್ನು 'ವಿತ್ ಗ್ರ್ಯಾಂಟ್ ಆಪ್ಶನ್'. ನಿರೀಕ್ಷಕರು ಅದರ ಬಲದಿಂದ ಗುಮಾಸ್ತರಿಗೂ ಅನುಮತಿ ಕೊಟ್ಟರು ಎನ್ನಿ. ನಿರೀಕ್ಷಕರಿಗೆ ವರ್ಗವಾಯಿತು, ಅನುಮತಿ ಹಿಂಪಡೆದಿರಿ. ಗುಮಾಸ್ತರದು ಉಳಿಯಿತೆ? 1976ರಲ್ಲೇ ಐಬಿಎಂ ಸಂಸ್ಥೆಯ ಗ್ರಿಫಿತ್ಸ್ ಮತ್ತು ವೇಡ್ ಈ ಪ್ರಶ್ನೆಯನ್ನು ಬಿಡಿಸಿದ್ದರು: ಅವರಿಂದ ಬಂದುದೆಲ್ಲ ಸರಪಳಿಯಂತೆ ಕಳಚಬೇಕು, ಆದರೆ ಗುಮಾಸ್ತರಿಗೆ ಬೇರೆಯವರಿಂದಲೂ ಅದೇ ಅನುಮತಿ ಸಿಕ್ಕಿದ್ದರೆ ಅದು ಉಳಿಯಬೇಕು. ಒರಾಕಲ್‌ನಲ್ಲಿ ಕೋಷ್ಟಕದ ಮೇಲಿನ ಅನುಮತಿ ಹೀಗೆಯೇ ಕಳಚುತ್ತದೆ. 'ಅಡ್ಮಿನ್ ಆಪ್ಶನ್' ಸಹಿತ ಕೊಟ್ಟ ವ್ಯವಸ್ಥೆಯ ಅನುಮತಿ ಮಾತ್ರ ಕಳಚುವುದಿಲ್ಲ. ಇದನ್ನು ಬಾಯಿಪಾಠ ಮಾಡಿಸುವ ಬದಲು ಮೂವರು ವಿದ್ಯಾರ್ಥಿಗಳಿಗೆ ಮೂರು ಹೆಸರು ಕೊಟ್ಟು ಮಾಡಿಸಿ. ಅರ್ಧ ಗಂಟೆ ಸಾಕು.

ಓದುವ ಅನುಮತಿಯಿಂದ ಅಪಾಯವಿಲ್ಲ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ 'ಭೂಮಿ'ಯನ್ನು ವಿಮರ್ಶಿಸುತ್ತ, ದಾಖಲೆಗಳು ಒಂದೆಡೆ ಕೇಂದ್ರೀಕೃತವಾದದ್ದು ಬೆಂಗಳೂರಿನ ಸುತ್ತ ಜಮೀನು ಕೊಳ್ಳುವ ದೊಡ್ಡವರಿಗೇ ಹೆಚ್ಚು ನೆರವಾಯಿತು ಎಂದು ವಾದಿಸಿದರು. ಆ ವಾದವನ್ನು ಒಪ್ಪಬಹುದು, ಬಿಡಬಹುದು. ಆದರೆ 'ಸೆಲೆಕ್ಟ್' ಅನುಮತಿಯನ್ನು 'ಪಬ್ಲಿಕ್' ಎಂದು ಎಲ್ಲರಿಗೂ ಬಿಟ್ಟುಕೊಡುವ ವಿದ್ಯಾರ್ಥಿ ಅದನ್ನೊಮ್ಮೆ ಕೇಳಿರಬೇಕು.

ಮುಂದಿನ ಪ್ರಾಯೋಗಿಕ ಪರೀಕ್ಷೆಗೆ ಒಂದು ಪ್ರಶ್ನೆ ಕೊಡುತ್ತೇನೆ: ರೈತ, ಗುಮಾಸ್ತ, ನಿರೀಕ್ಷಕ, ತಹಸೀಲ್ದಾರ್ – ನಾಲ್ವರಿಗೂ ಅನುಮತಿ ಬರೆಯಿರಿ, ನಿರೀಕ್ಷಕರನ್ನು ವರ್ಗ ಮಾಡಿ, ಯಾರ ಕೈಯಲ್ಲಿ ಏನು ಉಳಿಯಿತೆಂದು ತೋರಿಸಿ. ಪರೀಕ್ಷೆಗೆ ಮೊದಲು ಕರಿಹಲಗೆಯ ಪಾಸ್‌ವರ್ಡ್ ಅಳಿಸಿ, ಬದಲಿಸಲೂ ಬೇಕು. ಅದು ಈಗಾಗಲೇ ಎಲ್ಲರ ಪುಸ್ತಕದಲ್ಲಿದೆ.