ಮಾಲಾಳ ಎರಡನೇ ಬೆಳಿಗ್ಗೆ

ಝುಂಪಾ ಲಾಹಿರಿಯವರ ‘ದಿ ಥರ್ಡ್ ಅಂಡ್ ಫೈನಲ್ ಕಾಂಟಿನೆಂಟ್’ ಕತೆಯ ಮಾತು ಬಂದಾಗಲೆಲ್ಲ 103 ವರ್ಷದ ಮಿಸೆಸ್ ಕ್ರಾಫ್ಟ್ ಅವರ ಚಾವಡಿಯೇ ಮುಂದೆ ಬರ್ತದೆ. ಅಜ್ಜಿ ಮಾಲಾಳನ್ನು ಮೆಚ್ಚಿದಾಗ ಗಂಡಹೆಂಡತಿ ಮೊದಲ ಸಲ ಮುಖಮುಖ ನೋಡಿ ನಗ್ತಾರೆ. ಸರಿ. ಆದರೆ ಬಾಸ್ಟನ್ ಪಕ್ಕದ ಆ ಊರಲ್ಲಿ ಇವರ ಸಂಸಾರ ಬೇರೂರಿದ್ದು ಅದಕ್ಕೂ ಮೊದಲು, ಅಡುಗೆಮನೆಯಲ್ಲಿ, ಅನ್ನೋದು ನನ್ನ ವಾದ.

ನಿರೂಪಕ 1964ರಲ್ಲೇ ಭಾರತ ಬಿಟ್ಟವನು. ಲಂಡನ್ನಿನಲ್ಲಿದ್ದು 1969ರಲ್ಲಿ ಅಮೆರಿಕಕ್ಕೆ ಬಂದ. ಕಾರ್ನ್‌ಫ್ಲೇಕ್ಸ್ ಅವನಿಗೆ ಅಭ್ಯಾಸವಾಗಿದೆ. ಆರು ವಾರದ ನಂತರ ಕಲ್ಕತ್ತಾದಿಂದ ಬಂದ ಮಾಲಾ ಮೊದಲ ಬೆಳಿಗ್ಗೆ ಅನ್ನ ಬಡಿಸಿ, ತಟ್ಟೆಯ ಅಂಚಿಗೆ ಉಪ್ಪು ಇಡ್ತಾಳೆ. ನನಗೆ ಸೀರಿಯಲ್ ಸಾಕು ಅಂತಾನೆ ಇವನು. ಮರುದಿನ ಅವನು ಬರುವ ಮೊದಲೇ ಬಟ್ಟಲಲ್ಲಿ ಕಾರ್ನ್‌ಫ್ಲೇಕ್ಸ್ ತಯಾರು! ಅವಳಿಗೆ ಸಿಕ್ಕಿದ್ದು ಒಂದೇ ರಾತ್ರಿ. ಏನನ್ನಿಸಿತು ಅಂತ ಅವನು ಕೇಳೋದೇ ಇಲ್ಲ.

ನಮ್ಮ ಕಾಸರಗೋಡಿನಿಂದ ಗಲ್ಫಿಗೆ ಗಂಡ ಮೊದಲು, ಹೆಂಡತಿ ಆಮೇಲೆ ಹೋದ ಮನೆಗಳು ಬೇಕಷ್ಟಿವೆ. ಅಲ್ಲಿಯೂ ‘ಅವಳು ಬೇಗ ಹೊಂದಿಕೊಂಡಳು’ ಅಂದುಬಿಟ್ಟರೆ ಮಾತು ಮುಗೀತದೆ.

ಲಾಹಿರಿ ಇದನ್ನು ಗಮನಿಸಿಲ್ಲ ಅನ್ನಲಾರೆ. ಗಮನಿಸದ ಗಂಡನ ಬಾಯಿಂದಲೇ ಹೇಳಿಸಿದ್ದಾರೆ, ಅದೂ ಒಂದೆರಡು ಸಾಲಿನಲ್ಲಿ. ಚಾವಡಿಯ ನಗುವಿಗೆ ಸಿಕ್ಕಿದ ಜಾಗ ಈ ಬಟ್ಟಲಿಗೆ ಸಿಗಲಿಲ್ಲ.