‘ಜೀವನಶೈಲಿಯ ರೋಗ’ ಎಂಬ ಮಾತು ಸರಿಯೆ?

ಕಳೆದ ತಿಂಗಳು ನಮ್ಮ ಸಂಘದ ಆಶ್ರಯದಲ್ಲಿ ಜರುಗಿದ ಆರೋಗ್ಯ ಉಪನ್ಯಾಸಕ್ಕೆ ಸಭಾಗೃಹ ಕಿಕ್ಕಿರಿದು ತುಂಬಿತ್ತು. ನಾಟಕಕ್ಕೂ ಇಷ್ಟು ಜನ ಸೇರುವುದಿಲ್ಲವೆಂದು ಕಾರ್ಯದರ್ಶಿಗಳು ಅರ್ಧ ಸಂತೋಷದಿಂದ, ಅರ್ಧ ವಿಷಾದದಿಂದ ನುಡಿದರು. ಉಪನ್ಯಾಸಕರು ತಿಳಿದವರು, ಸಜ್ಜನರು. ಒಂದೂವರೆ ಗಂಟೆ ಸ್ವಾರಸ್ಯವಾಗಿ ಮಾತನಾಡಿದರು. ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ಹೃದ್ರೋಗ ಇವೆಲ್ಲ ‘ಜೀವನಶೈಲಿಯ ರೋಗ’ಗಳು, ನಾವೇ ತಿಂದು, ಕುಳಿತು ತಂದುಕೊಂಡವು, ನಾಲಗೆಗೆ ಬೀಗ ಹಾಕಿ ಕಾಲಿಗೆ ಕೆಲಸ ಕೊಟ್ಟರೆ ಹತ್ತಿರ ಸುಳಿಯವು ಎಂಬುದು ಅವರ ಮಾತಿನ ಸಾರ. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ನನ್ನ ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ಮಾತ್ರ ತಟ್ಟಲಿಲ್ಲ.

ಹೊರಗೆ ಚಹಾ ಕುಡಿಯುವಾಗ ಕಾರಣ ತಿಳಿಯಿತು. ಅವರಿಗೆ ಸಕ್ಕರೆ ಕಾಯಿಲೆ ಬಂದು ಎಂಟು ವರ್ಷ. ನಡುವೆ ಎರಡು ವರ್ಷ ವೈದ್ಯರ ಮುಖವನ್ನೇ ನೋಡಿರಲಿಲ್ಲವಂತೆ. “ಹೋದಾಗಲೆಲ್ಲ ಬೈಸಿಕೊಂಡು ಬರಬೇಕಿತ್ತು ಮಾರಾಯ್ರೆ. ಶಾಲೆಯಲ್ಲಿ ಲೆಕ್ಕ ತಪ್ಪಿದ ಹುಡುಗನ ಹಾಗೆ ನಿಲ್ಲುವುದು. ಅದಕ್ಕೇ ಬಿಟ್ಟೆ” ಎಂದರು. ಆ ಎರಡು ವರ್ಷದ ಬೆಲೆಯಾಗಿ ಎಡಗಾಲಿನ ಎರಡು ಬೆರಳುಗಳನ್ನು ಕಳೆದುಕೊಂಡಿದ್ದಾರೆ.

ಒಂದು ಶಬ್ದ ಮನುಷ್ಯನನ್ನು ಔಷಧದಿಂದ ದೂರ ಓಡಿಸುವಂತಿದ್ದರೆ ಆ ಶಬ್ದವನ್ನು ಪರೀಕ್ಷಿಸಿ ನೋಡುವುದು ಅಗತ್ಯ. ನಾನು ವೈದ್ಯನಲ್ಲ, ಬಿ.ಎಸ್ಸಿ. ಓದಿ ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿರುವವನು. ಎರಡು ವರ್ಷದ ಹಿಂದೆ ನನಗೂ ಸಕ್ಕರೆ ಕಾಣಿಸಿಕೊಂಡಿತು. ಅಂದಿನಿಂದ ಈ ವಿಷಯದ ಮೂಲ ಸಂಶೋಧನೆಗಳನ್ನು ತಿಳಿದಮಟ್ಟಿಗೆ ಓದಿದ್ದೇನೆ. ಓದಿದಾಗ ಸೋಜಿಗವೊಂದು ಕಂಡಿತು. ಇವುಗಳಲ್ಲಿ ಬಹು ಪ್ರಸಿದ್ಧವಾದ ಕೆಲವು ಸಂಶೋಧನೆಗಳು ನಡೆದದ್ದೇ ಗುಮಾಸ್ತರ, ಜವಾನರ, ಅಂಚೆಯವರ, ಬಸ್ಸಿನವರ ಮೇಲೆ.

ಮೊದಲಿಗೆ ಉಪನ್ಯಾಸಕರ ಪಕ್ಷವನ್ನೇ ನೋಡೋಣ. ರೋಗ ಹೆಚ್ಚಿರುವುದು ನಿಜ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ನಮ್ಮಲ್ಲಿ 10 ಕೋಟಿಗೂ ಮಿಕ್ಕಿ ಮಂದಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13 ಕೋಟಿಗೂ ಹೆಚ್ಚು ಮಂದಿ ಅದರ ಹೊಸ್ತಿಲಲ್ಲಿದ್ದಾರೆ. ಪಟ್ಟಣಗಳಲ್ಲಿ ವಯಸ್ಕರಲ್ಲಿ ನೂರಕ್ಕೆ 16.4, ಹಳ್ಳಿಗಳಲ್ಲಿ 8.9. ಊರು ಬಿಟ್ಟು ಪಟ್ಟಣ ಸೇರಿದ ನಮ್ಮಂಥವರಿಗೆ ಈ ಎರಡು ಅಂಕಿಗಳ ಅಂತರ ಅರ್ಥವಾಗದೆ ಇರದು.

ಕುಳಿತು ಮಾಡುವ ಕೆಲಸ ಕೆಟ್ಟದ್ದೆಂಬುದೂ ನಿಜ. ಲಂಡನ್ನಿನ ಜೆರ್ರಿ ಮಾರಿಸ್ ಎಂಬ ವೈದ್ಯರು 1953ರಲ್ಲಿ ಅಲ್ಲಿಯ ಬಸ್ಸಿನ ಸುಮಾರು 31,000 ಕೆಲಸಗಾರರ ಲೆಕ್ಕವನ್ನು ಪ್ರಕಟಿಸಿದರು. ಡ್ರೈವರ್ ದಿನವಿಡೀ ಕುಳಿತಿರುತ್ತಾನೆ. ಕಂಡಕ್ಟರ್ ಎರಡಂತಸ್ತಿನ ಬಸ್ಸಿನಲ್ಲಿ ದಿನಕ್ಕೆ ಐನೂರು, ಆರುನೂರು ಮೆಟ್ಟಿಲು ಹತ್ತಿ ಇಳಿಯುತ್ತಾನೆ. ಸಂಬಳ, ವಾಸ, ಊಟ ಹೆಚ್ಚುಕಡಿಮೆ ಒಂದೇ. ಆದರೂ ಹೃದ್ರೋಗ ಡ್ರೈವರರಲ್ಲಿ ವರ್ಷಕ್ಕೆ ಸಾವಿರಕ್ಕೆ 2.7, ಕಂಡಕ್ಟರರಲ್ಲಿ 1.9. ಅಂಚೆ ಇಲಾಖೆಯಲ್ಲೂ ಹಾಗೆಯೇ: ಓಡಾಡುವ ಪೋಸ್ಟ್‌ಮನ್ನನಿಗಿಂತ ಕುಳಿತು ಬರೆಯುವ ಗುಮಾಸ್ತನಿಗೆ ರೋಗ ಹೆಚ್ಚು. ಮುಂಬಯಿಯಲ್ಲಿ 1937ರಿಂದ ಓಡಿದ ಎರಡಂತಸ್ತಿನ ಬಸ್ಸುಗಳ ಹಳೆಯ ಮಾದರಿ 2023ರ ಸೆಪ್ಟೆಂಬರಿನಲ್ಲಿ ನಿವೃತ್ತವಾಯಿತು. ಅದರ ಮೆಟ್ಟಿಲಲ್ಲಿ ಟಿಕೆಟು ಕೇಳುತ್ತ ಮೇಲೆ ಕೆಳಗೆ ಓಡಾಡುತ್ತಿದ್ದ ಕಂಡಕ್ಟರನನ್ನು ಕಂಡವರಿಗೆ ಮಾರಿಸರ ವಾದವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಮಾರಿಸರು ಅಲ್ಲಿಗೇ ತೃಪ್ತರಾಗಲಿಲ್ಲವೆಂಬುದು ಅವರ ದೊಡ್ಡತನ. 1956ರಲ್ಲಿ ಅವರೂ ಅವರ ಸಂಗಡಿಗರೂ ಇದೇ ನೌಕರರ ಸಮವಸ್ತ್ರದ ಅಳತೆಗಳನ್ನು ತೆಗೆಸಿ ನೋಡಿದರು. ಡ್ರೈವರರ ಪ್ಯಾಂಟಿನ ಸೊಂಟದಳತೆ ಕಂಡಕ್ಟರರದಕ್ಕಿಂತ ದೊಡ್ಡದು. ಅದೂ ಎಳೆಯ ವಯಸ್ಸಿನವರಲ್ಲಿಯೇ! ಹಾಗಾದರೆ ಕುರ್ಚಿ ಅವನನ್ನು ದಪ್ಪ ಮಾಡಿತೋ, ದಪ್ಪಗಿದ್ದವನೇ ಆ ಕುರ್ಚಿಗೆ ಬಂದನೋ? ತನ್ನ ಸಿದ್ಧಾಂತಕ್ಕೆ ತಾನೇ ಇಂಥ ಪ್ರಶ್ನೆ ಹಾಕಿಕೊಳ್ಳುವ ಪ್ರಾಮಾಣಿಕತೆ ನಮ್ಮ ಉಪನ್ಯಾಸ ವೇದಿಕೆಗಳಲ್ಲಿ ಅಪರೂಪ.

ಇನ್ನೊಂದು ಮಾತು. ಆ ಡ್ರೈವರ್ ಕುಳಿತದ್ದು ಸೋಮಾರಿತನದಿಂದಲ್ಲ, ಬಸ್ಸನ್ನು ನಿಂತು ಓಡಿಸಲು ಬಾರದ್ದರಿಂದ! ಕಂಡಕ್ಟರ್ ಮೆಟ್ಟಿಲು ಹತ್ತಿದ್ದು ಆರೋಗ್ಯಪ್ರಜ್ಞೆಯಿಂದಲ್ಲ, ಟಿಕೆಟು ಹರಿಯುವುದಕ್ಕೆ. ಇಬ್ಬರ ‘ಶೈಲಿ’ಯನ್ನೂ ನಿರ್ಧರಿಸಿದ್ದು ಅವರ ಹುದ್ದೆ.

ಹುದ್ದೆಯ ಮಾತು ಬಂದದ್ದರಿಂದ ವೈಟ್‌ಹಾಲಿಗೆ ಹೋಗೋಣ. ಲಂಡನ್ನಿನಲ್ಲಿ ಸರಕಾರಿ ಕಚೇರಿಗಳಿರುವ ಬೀದಿಯ ಹೆಸರದು. 1967ರಿಂದ ಅಲ್ಲಿಯ 17,000ಕ್ಕೂ ಹೆಚ್ಚು ಪುರುಷ ನೌಕರರನ್ನು ಪರೀಕ್ಷಿಸಿ, ವರ್ಷಗಟ್ಟಲೆ ಅವರ ಜಾಡು ಹಿಡಿದರು. 1978ರಲ್ಲಿ ಮೈಕೆಲ್ ಮಾರ್ಮಟ್ ಮತ್ತು ಸಂಗಡಿಗರು ಫಲಿತಾಂಶ ಪ್ರಕಟಿಸಿದರು. ಹೃದ್ರೋಗ ದೊಡ್ಡ ಸಾಹೇಬರ ಕಾಯಿಲೆ, ಹೊಣೆಗಾರಿಕೆಯ ಭಾರದಿಂದ ಬರುವುದು ಎಂದು ಜನ ನಂಬಿದ್ದ ಕಾಲವದು. ಕಂಡದ್ದು ಅದಕ್ಕೆ ತದ್ವಿರುದ್ಧ. ಅತಿ ಮೇಲಿನ ದರ್ಜೆಯ ಅಧಿಕಾರಿಗಳಿಗಿಂತ ಅತಿ ಕೆಳಗಿನ ದರ್ಜೆಯ ಜವಾನರಲ್ಲಿ ಹೃದ್ರೋಗದ ಸಾವು 3.6 ಪಟ್ಟು ಹೆಚ್ಚು. ನಡುವಿನ ನಮ್ಮಂಥ ಗುಮಾಸ್ತರು ಇಲ್ಲಿಯೂ ನಡುವೆಯೇ!

ಬರಿಯ ಮಾರಿಸರ ಲೆಕ್ಕ ನಂಬಿದರೆ ಕಾಗದಪತ್ರ ಹೊತ್ತು ಓಡಾಡುವ ಜವಾನ ಉಳಿಯಬೇಕಿತ್ತು, ಕುರ್ಚಿಯಲ್ಲಿ ಕುಳಿತ ಸಾಹೇಬ ಹೋಗಬೇಕಿತ್ತು. ಹಾಗಾಗಲಿಲ್ಲ. ಕೆಳದರ್ಜೆಯವರು ಹೆಚ್ಚು ಬೀಡಿ ಸಿಗರೇಟು ಸೇದುತ್ತಿದ್ದರೆಂದು ಯಾರಾದರೂ ಹೇಳಬಹುದು. ಸಿಗರೇಟು ಹೆಚ್ಚು ಸೇದುತ್ತಿದ್ದುದು ನಿಜ. ಆದರೆ ಸಿಗರೇಟು, ರಕ್ತದ ಒತ್ತಡ, ಕೊಲೆಸ್ಟರಾಲ್ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದರೂ ಅಂತರದ ಒಂದು ಭಾಗ ಮಾತ್ರ ಇಳಿಯಿತು. ಬಹುಪಾಲು ಹಾಗೆಯೇ ಉಳಿಯಿತು. ಇವರಾರೂ ಹಸಿದವರಲ್ಲ, ನಿರುದ್ಯೋಗಿಗಳಲ್ಲ. ಸರಕಾರದ ಉಚಿತ ವೈದ್ಯಸೇವೆ ಎಲ್ಲರಿಗೂ ಒಂದೇ. 1985ರಲ್ಲಿ ಮಹಿಳೆಯರನ್ನೂ ಸೇರಿಸಿಕೊಂಡು 10,308 ನೌಕರರ ಮೇಲೆ ಎರಡನೆಯ ಅಧ್ಯಯನ ಆರಂಭವಾಯಿತು. ತನ್ನ ಕೆಲಸದ ಮೇಲೆ ತನಗೇ ಹಿಡಿತವಿಲ್ಲದವರಲ್ಲಿ ಹೃದ್ರೋಗ ಹೆಚ್ಚೆಂದು ಅದರಿಂದ ತಿಳಿಯಿತು. ಮೇಲಿನವರು ಹೇಳಿದಾಗ ಫೈಲು ಎತ್ತಿ, ಹೇಳಿದಾಗ ಇಳಿಸಿ ಇಪ್ಪತ್ತು ವರ್ಷ ಕಳೆದ ನನಗೆ ಇದನ್ನೋದಿ ನಗು ಬಂತು. ಆಮೇಲೆ ನಗು ನಿಂತಿತು.

ವೈಟ್‌ಹಾಲಿನಲ್ಲಿ ಕಂಡ ಮತ್ತೊಂದು ಸಂಗತಿ: ಕೆಳದರ್ಜೆಯವರು ಎತ್ತರದಲ್ಲೂ ಗಿಡ್ಡ. ಎತ್ತರವೆಂಬುದು ನೌಕರಿಗೆ ಸೇರಿದ ಮೇಲೆ ಬರುವುದಲ್ಲ. ಬಾಲ್ಯದ ಊಟದ, ವಾಸದ ಗುರುತು ಅದು. ಅಂದರೆ ಲೆಕ್ಕ ಇನ್ನೂ ಹಿಂದಕ್ಕೆ ಹೋಗುತ್ತದೆ. ಎಷ್ಟು ಹಿಂದಕ್ಕೆ ಎಂಬುದನ್ನು ತೋರಿಸಿದವರು ನಮ್ಮ ನೆರೆಯ ಪುಣೆಯವರು.

ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕರು ಮತ್ತು ಸಂಗಡಿಗರು ಸುತ್ತಲಿನ ಹಳ್ಳಿಗಳಲ್ಲಿ 1993ರಿಂದ ಬಸುರಿಯರನ್ನೂ ಅವರ ಕೂಸುಗಳನ್ನೂ ಅಳೆಯುತ್ತ ಬಂದರು. ಅಲ್ಲಿಯ ಕೂಸಿನ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಸೌಥಾಂಪ್ಟನ್ನಿನ ಕೂಸಿನದು 3.5 ಕಿಲೋ. ನಮ್ಮ ಕೂಸು ಬಡಕಲು. ಆದರೆ ಬಡಕಲಾಗಿರುವುದು ಸ್ನಾಯುವಿನಲ್ಲಿ. ಚರ್ಮದಡಿಯ ಕೊಬ್ಬು ಮಾತ್ರ ಅಷ್ಟಾಗಿ ತಗ್ಗಿಲ್ಲ. ಹೊಲದಲ್ಲಿ ದುಡಿಯುವ, ಅರೆಹೊಟ್ಟೆ ಉಣ್ಣುವ ತಾಯಿಯ ಹೊಟ್ಟೆಯಲ್ಲಿರುವಾಗಲೇ ಈ ಹಂಚಿಕೆ ಆಗಿಹೋಗಿರುತ್ತದೆ. ಇಂಥ ಕೂಸು ಬೆಳೆದು ಪಟ್ಟಣ ಸೇರಿ, ಹೊಟ್ಟೆ ತುಂಬ ಉಣ್ಣತೊಡಗಿದಾಗ ಸಕ್ಕರೆಯನ್ನು ಅರಗಿಸುವ ಸ್ನಾಯು ಕಡಿಮೆ, ಕೊಬ್ಬು ಜಾಸ್ತಿ. ನಮ್ಮಲ್ಲಿ ಎಷ್ಟು ಮಂದಿಯ ತಾಯಂದಿರು ಹೊಟ್ಟೆ ತುಂಬ ಉಂಡು ನಮ್ಮನ್ನು ಹೆತ್ತರು?

ಯಾಜ್ಞಿಕರು 2004ರಲ್ಲಿ ತಮ್ಮ ಇಂಗ್ಲಿಷ್ ಮಿತ್ರ ಡಾ. ಯುಡ್ಕಿನ್ನರೊಡನೆ ಭಾವಚಿತ್ರವೊಂದನ್ನು ಪ್ರಕಟಿಸಿದ್ದುಂಟು. ಎತ್ತರಕ್ಕೆ ತೂಕದ ಪ್ರಮಾಣ ಇಬ್ಬರದೂ ಒಂದೇ, 22.3. ಆದರೆ ಮೈಯ ಕೊಬ್ಬು ಯುಡ್ಕಿನ್ನರಿಗೆ ನೂರಕ್ಕೆ 9.1, ಯಾಜ್ಞಿಕರಿಗೆ 21.2! ಇಬ್ಬರ ಚಿತ್ರದಿಂದ ಸಿದ್ಧಾಂತ ಸಾಧಿಸಲಾಗದು. ಯುಡ್ಕಿನ್ ಮ್ಯಾರಥಾನ್ ಓಡುವವರು, ತನ್ನ ವ್ಯಾಯಾಮವೆಂದರೆ ಆಸ್ಪತ್ರೆಯ ಲಿಫ್ಟಿನ ಬಾಗಿಲು ಮುಚ್ಚುವ ಮೊದಲು ಓಡುವುದೊಂದೇ ಎಂಬರ್ಥದ ಮಾತನ್ನು ಯಾಜ್ಞಿಕರೇ ವಿನೋದವಾಗಿ ಸೇರಿಸಿದ್ದಾರೆ. ಜೀವನಶೈಲಿಯನ್ನು ಅವರು ಅಲ್ಲಗಳೆದಿಲ್ಲ. ಆದರೆ ಅದೊಂದರ ಕೊರಳಿಗೇ ಎಲ್ಲ ಗಂಟನ್ನೂ ಕಟ್ಟಿಲ್ಲ.

ಹಾಗಾದರೆ ನಮ್ಮ ಕೈಯಲ್ಲಿ ಏನೂ ಇಲ್ಲವೆ? ಇದೆ. ಚೆನ್ನೈಯಲ್ಲಿ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಮಂದಿಯನ್ನು ಆರಿಸಿ, ಗುಂಪುಗಳಾಗಿ ವಿಂಗಡಿಸಿ ನೋಡಿದರು. ಫಲಿತಾಂಶ 2006ರಲ್ಲಿ ಬಂತು. ವಿಶೇಷ ಸಲಹೆಯಿಲ್ಲದವರಲ್ಲಿ ಮೂರು ವರ್ಷದಲ್ಲಿ ನೂರಕ್ಕೆ 55 ಮಂದಿಗೆ ಕಾಯಿಲೆ ಬಂತು. ಊಟ, ನಡಿಗೆಯ ವಿಷಯದಲ್ಲಿ ಸಲಹೆ ಕೊಟ್ಟು, ಆಗಾಗ ವಿಚಾರಿಸಿಕೊಂಡವರಲ್ಲಿ ನೂರಕ್ಕೆ 39 ಮಂದಿಗೆ.

ಈ ಎರಡು ಅಂಕಿಗಳನ್ನು ವಾಚಕರು ಎರಡು ಕಡೆಯಿಂದಲೂ ಓದಬೇಕೆಂದು ನನ್ನ ವಿನಂತಿ. ನೂರರಲ್ಲಿ 16 ಮಂದಿ ಆ ಮೂರು ವರ್ಷ ಪಾರಾದರು, ಸಣ್ಣ ಮಾತಲ್ಲ. ಆ 16ರಲ್ಲಿ ನಾನೊಬ್ಬನಾಗಬಹುದೆಂದೇ ನಡೆಯಬೇಕು, ಅನ್ನ ತಗ್ಗಿಸಬೇಕು, ಉಪ್ಪಿನಕಾಯಿ ಹಪ್ಪಳ ದೂರವಿಡಬೇಕು. ಆದರೆ ಉಳಿದ 39 ಮಂದಿ? ಅವರೂ ಅದೇ ಸಲಹೆ ಪಡೆದವರು. ಅವರನ್ನೆಲ್ಲ ನಾಲಗೆ ಚಪಲದವರು, ಸೋಮಾರಿಗಳು ಎಂದುಬಿಡುವುದು ವಿಜ್ಞಾನವೂ ಅಲ್ಲ, ಸೌಜನ್ಯವೂ ಅಲ್ಲ. ಉಪನ್ಯಾಸಕರು 16ರ ಕಥೆ ಹೇಳಿದರು. ನನ್ನ ಪಕ್ಕದ ಹಿರಿಯರು 39ರಲ್ಲಿ ಒಬ್ಬರು.

ಬೈಗುಳ ರೋಗಿಗಷ್ಟೇ ನಿಲ್ಲುವುದೂ ಇಲ್ಲ. ನನ್ನ ರಕ್ತಪರೀಕ್ಷೆಯ ವರದಿ ಬಂದ ದಿನ ಮೊದಲು ಬೈಸಿಕೊಂಡದ್ದು ನಾನಲ್ಲ, ನನ್ನ ಹೆಂಡತಿ. ಊರಿನಿಂದ ಅಮ್ಮ ಫೋನಿನಲ್ಲಿ ಅವಳನ್ನು ಕೇಳಿದರು: “ಅವನಿಗೆ ಏನು ಬಡಿಸ್ತೀ ನೀನು?” ಬೆಳಿಗ್ಗೆ ನಾಲ್ಕೂವರೆಗೆ ಎದ್ದು, ನೀರು ಹಿಡಿದು, ಮೂರು ಡಬ್ಬಿ ತುಂಬಿಸುವ ಹೆಂಗಸು ಅವಳು. ಉತ್ತರ ಕೊಡದೆ ಒಳಗೆ ಹೋದಳು. ನನ್ನ ಸಕ್ಕರೆಗೆ ಕಾರಣ ಹುಡುಕಿದವರು ಅನೇಕರು. ಅವಳ ರಕ್ತದ ಒತ್ತಡ ನೋಡಿಸಬೇಕೆಂದವರು ಒಬ್ಬರೂ ಇರಲಿಲ್ಲ, ನನ್ನನ್ನೂ ಸೇರಿಸಿ. ಆರು ತಿಂಗಳ ಮೇಲೆ ನೋಡಿಸಿದಾಗ ಅದೂ ಹೆಚ್ಚೇ ಇತ್ತು.

ಆದುದರಿಂದ ‘ಜೀವನಶೈಲಿ’ ಎಂಬ ಶಬ್ದದ ಮೇಲೆ ನನ್ನ ಆಕ್ಷೇಪಣೆ ಇಷ್ಟು. ಶೈಲಿ ಎಂದರೆ ಆರಿಸಿಕೊಂಡದ್ದು ಎಂಬ ಅರ್ಥ ಬರುತ್ತದೆ. ಡೊಂಬಿವಲಿಯಿಂದ ಗಂಟೆಗೂ ಮಿಕ್ಕಿ ಲೋಕಲ್ ಗಾಡಿಯಲ್ಲಿ ಜೋತು ಬರುವುದನ್ನು, ರಾತ್ರಿ ಒಂಬತ್ತೂವರೆಗೆ ಉಣ್ಣುವುದನ್ನು, ಕಾಲಿಡಲು ಜಾಗವಿಲ್ಲದ ಫುಟ್‌ಪಾತನ್ನು ನಾವು ಆರಿಸಿಕೊಂಡೆವೆ? ಬಾಳುವ ಬಗೆಯಿಂದ ರೋಗ ಬರುತ್ತದೆ ಎನ್ನಿ, ಒಪ್ಪುತ್ತೇನೆ. ಆ ಬಗೆಯನ್ನು ರೂಪಿಸಿದವರಲ್ಲಿ ನಗರಸಭೆ, ರೈಲ್ವೆ, ಕಚೇರಿ ಎಲ್ಲವೂ ಸೇರಿವೆ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಿ.

ನಮ್ಮ ಸಂಘಕ್ಕೂ ಒಂದೆರಡು ಸಲಹೆ. ಮುಂದಿನ ತಪಾಸಣಾ ಶಿಬಿರಕ್ಕೆ ಗಂಡಂದಿರು ಹೆಂಡಂದಿರನ್ನು ಕರೆತರಲಿ. ಕಾರ್ಯಕ್ರಮಗಳಲ್ಲಿ ಕೇಸರಿಬಾತಿನ ಪಕ್ಕದಲ್ಲಿ ಸಕ್ಕರೆ ಹಾಕದ ಕಾಫಿಯೂ ಇರಲಿ, ಅದನ್ನು ಕೇಳಿ ಪಡೆಯಲು ಯಾರಿಗೂ ಸಂಕೋಚವಾಗದಿರಲಿ. ಮುಂದಿನ ಉಪನ್ಯಾಸದಲ್ಲಿ ಆ ಹಿರಿಯರಿಗೂ ಹತ್ತು ನಿಮಿಷ ಮಾತನಾಡಲು ಅವಕಾಶ ಕೊಡಬೇಕು. ಎರಡು ಬೆರಳು ಕಳೆದುಕೊಂಡವರಿಂದ ನಾವು ಕಲಿಯಬೇಕಾದದ್ದು ಬಹಳ ಇದೆ. ಅವರು ಒಪ್ಪಿದ್ದಾರೆ. “ಬೈಯುವುದಿಲ್ಲವಾದರೆ ಬರ್ತೇನೆ” ಎಂದಿದ್ದಾರೆ.